ತಡವಾಗದ ದನಿ

"ಇನ್ನೊಮ್ಮೆ ಹಚ್ಚವ್ವಾ," ಎಂದರು ಮಹಾರುದ್ರಪ್ಪ.

ಅನುರಾಧಾ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡು ಕಂಪ್ಯೂಟರಿನ ಗುಂಡಿ ಒತ್ತಿದಳು.

ಮೊದಲು ಹಾರ್ಮೋನಿಯಂ ಪೇಟಿಯ ದನಿ ಬಂತು. ಅದರ ಬೆನ್ನಿಗೆ, ಮಣ್ಣಾಗಿ ಹತ್ತು ದಿನ ಕಳೆದವನ ದನಿ.

"ನಡೆದು ದಣಿದೆನು ತಂದೆ, ನೆರಳ ತೋರು..."

ಆ ದನಿ ಕೋಣೆ ತುಂಬಿತು. ನಾಲ್ಕು ಗೋಡೆಗೂ ಹಳೆಯ ಕೌದಿಗಳನ್ನು ಮೊಳೆ ಹೊಡೆದು ತೂಗುಹಾಕಿದ್ದ ಕೋಣೆ ಅದು. ಬೀದಿಯ ಸದ್ದು ಒಳಗೆ ಬರಬಾರದೆಂದು ಶಂಕರಲಿಂಗ ತನ್ನ ತಾಯಿ ಹೊಲಿದಿಟ್ಟ ಕೌದಿಗಳನ್ನೆಲ್ಲ ಹೀಗೆ ಗೋಡೆಗೆ ಉಡಿಸಿದ್ದ. ನಡುವೆ ಬಿದಿರಿನ ಗಳಕ್ಕೆ ಕಟ್ಟಿದ ಒಂದೇ ಒಂದು ಮೈಕು. ಅದರ ಕೆಳಗೆ ವಿಭೂತಿಯ ಕರಡಿಗೆ ಹಾಗೇ ಬಾಯಿ ತೆರೆದು ಕೂತಿತ್ತು.

ಶಂಕರಲಿಂಗನ ಹೆಣ ನಾರಾಯಣಪುರದ ದಾರಿಯ ಹಾಳುಬಾವಿಯಲ್ಲಿ ಸಿಕ್ಕಿದ್ದು ಹೋದ ಐತವಾರಕ್ಕೂ ಹಿಂದಿನ ಐತವಾರ. ಕೊಂದವನೆಂದು ಹಿಡಿದದ್ದು ಅವನ ಜೀವದ ಗೆಳೆಯ, ಢೋಲಕ್ ಬಾರಿಸುವ ಅಜೀಮುದ್ದೀನನನ್ನು.

ಹಿಡಿಯಲು ಕಾರಣ ಈ ಹಾಡೇ. ಐತವಾರ ಬೆಳಿಗ್ಗೆ ಹನ್ನೊಂದು ಹೊಡೆದು ಹತ್ತು ನಿಮಿಷಕ್ಕೆ ಈ ದನಿ ತನ್ನೊಳಗೆ ಸೇರಿತೆಂದು ಕಂಪ್ಯೂಟರ್ ಬರೆದುಕೊಂಡಿತ್ತು. ಅಂದರೆ ಆಗ ಶಂಕರಲಿಂಗ ಈ ಕೋಣೆಯಲ್ಲಿ ಜೀವಂತ ಕೂತು ಹಾಡಿದ್ದ. ಹನ್ನೊಂದೂವರೆಗೆ ಅಜೀಮ್ ಈ ಮನೆಯಿಂದ ಹೊರಗೆ ಬಂದದ್ದನ್ನು ಓಣಿಯ ಇಬ್ಬರು ನೋಡಿದ್ದರು. ಹಿಂದಿನ ವಾರ ಇಬ್ಬರಿಗೂ ಮಾತಿಗೆ ಮಾತು ಬೆಳೆದದ್ದನ್ನು ಇಡೀ ಭಜನಾ ಮೇಳವೇ ಕೇಳಿತ್ತು.

"ನಾ ಹೋದಾಗ ಖೋಲಿ ಖಾಲಿ ಇತ್ತು. ಕೂಗಿದೆ, ಯಾರೂ ಓಗೊಡಲಿಲ್ಲ, ಬಂದೆ," ಎಂದು ಅಜೀಮ್ ಹೇಳಿದ. ಯಾರೂ ನಂಬಲಿಲ್ಲ. ಖಾಲಿ ಖೋಲಿ ಹಾಡುತ್ತದೆಯೇ?

ಮಹಾರುದ್ರಪ್ಪ ಮೂವತ್ತೊಂದು ವರ್ಷ ಪೊಲೀಸ್ ಇಲಾಖೆಯಲ್ಲಿ ಜಮಾದಾರರಾಗಿದ್ದು ನಿವೃತ್ತರಾದವರು. ಮೇಳದಲ್ಲಿ ತಾಳ ಹಾಕುವವರೂ ಅವರೇ. ಅನುರಾಧಾ ಅವರ ಸ್ವಂತ ಅಣ್ಣನ ಮಗಳು. ಶಂಕರಲಿಂಗನನ್ನು ನೋಡಿ, ಒಪ್ಪಿ, ಧಾರೆಯೆರೆದು ಕೊಟ್ಟವರೂ ಅವರೇ. ಇವತ್ತು ಕಿವಿಗೆ ಬೀಳುತ್ತಿದ್ದ ದನಿ ಅವರಿಗೆ ಅಳಿಯನದು. ಕಣ್ಣು ಮುಚ್ಚಿ, ಮಡಿಲಲ್ಲಿದ್ದ ತಾಳಗಳನ್ನು ಸದ್ದಾಗದಂತೆ ಬೆರಳ ತುದಿಯಿಂದ ಮುಟ್ಟುತ್ತ ಕೂತಿದ್ದರು.

ಕೊನೆಯ ಸಾಲು ಬಂತು. "ನೆರಳ ತೋರು" ಎಂಬುದನ್ನು ಶಂಕರಲಿಂಗ ಉದ್ದಕ್ಕೆ ಎಳೆದ. ಬತ್ತಿ ಇಳಿಸಿದ ದೀಪದಂತೆ ದನಿ ಸಣ್ಣಗಾಗುತ್ತ, ಸಣ್ಣಗಾಗುತ್ತ ಹೋಯಿತು. ಅದು ಪೂರ್ತಿ ಆರುತ್ತಲೇ ಅನುರಾಧಾ ಗುಂಡಿ ಒತ್ತಿ ನಿಲ್ಲಿಸಿದಳು.

"ಇನ್ನ ನನ್ನ ಕೈಲಿ ಆಗಾಂಗಿಲ್ಲ ಕಾಕಾ. ಎರಡು ಸಲ ಆತು," ಎಂದಳು. "ಪೊಲೀಸ್ರು ಈ ಖೋಲಿಗೆ ಹಾಕಿದ ಕೀಲಿ ನಿನ್ನೆ ತೆಗೆದಾರ. ಈ ಹಾಡು ನಾ ಇವತ್ತ ಮೊದಲನೇ ಸಲ ಕೇಳಾಕತ್ತೇನಿ. ಎದಿ ಹರದಂಗ ಆಗ್ತದ."

"ಆತವ್ವಾ. ಇದು ಬ್ಯಾಡ. ಉಳಿದವರದು ಹಚ್ಚು. ಅಜೀಮನ ಢೋಲಕ್ ಹಚ್ಚು."

ಅವಳು ಹಚ್ಚಿದಳು. ಪೇಟಿಯ ಜೊತೆಗೆ ಢೋಲಕ್ ಕೇಳಿಸಿತು. ಆದರೆ ಜೊತೆಗೆ ಅಲ್ಲ, ಹಿಂದೆ ಹಿಂದೆ. ಮುಂದಿನವನ ಹೆಜ್ಜೆಗೆ ಹೆಜ್ಜೆ ಹಾಕಲಾರದೆ ಎಡವುತ್ತ ಬರುವವನ ಹಾಗೆ, ಪ್ರತಿ ಪೆಟ್ಟೂ ಒಂದು ಕೂದಲೆಳೆ ತಡ.

"ಮೇಳದ ಹಿಮ್ಮೇಳ?"

ಅದೂ ತಡ.

"ನನ್ನ ತಾಳ?"

ಅದೂ ತಡ. ನಲವತ್ತು ವರ್ಷ ತಪ್ಪದ ಕೈ ಅದು. ಈ ಯಂತ್ರದೊಳಗೆ ಅದೂ ಎಡವುತ್ತಿತ್ತು.

ಮಹಾರುದ್ರಪ್ಪ ಕಣ್ಣು ತೆರೆದರು. ಕಂಪ್ಯೂಟರಿನ ಮೇಲೆ, ಕೌದಿ ಮುಗಿದು ಗೋಡೆ ಕಾಣುವಲ್ಲಿ, ಸೀಮೆಸುಣ್ಣದಿಂದ ಬರೆದ ಅಕ್ಷರ ಹಾಗೇ ಇತ್ತು: ತಡ ೧೪೦.

ಅದನ್ನು ಬರೆದ ದಿನ ಅವರಿಗೆ ನೆನಪಿತ್ತು. ತನ್ನ ತಾಳ ಕೇಳಿ ಅವರು ಸಿಟ್ಟಿಗೆದ್ದಿದ್ದರು. "ಏ ಶಂಕರಾ, ನಾ ಹಿಂಗ ತಪ್ಪು ಹಾಕಿಲ್ಲೋ! ನಿನ್ನ ಡಬ್ಬಿ ಸುಳ್ಳು ಹೇಳಾಕತ್ತದ!"

ಶಂಕರಲಿಂಗ ನಕ್ಕಿದ್ದ. ಬಜಾರದಲ್ಲಿ ಅವನದು ರೇಡಿಯೋ, ಟೇಪು ದುರಸ್ತಿ ಮಾಡುವ ಸಣ್ಣ ಅಂಗಡಿ. ಯಾವ ಯಂತ್ರವನ್ನೂ ಮನುಷ್ಯರ ಮಾತಿನಲ್ಲಿ ತಿಳಿಸುವುದು ಅವನಿಗೆ ಬರುತ್ತಿತ್ತು.

"ಸುಳ್ಳಲ್ರಿ ಕಾಕಾ. ಈಕಿ ನೀರು ಹೊರೋ ಹೆಣ್ಮಗಳಿದ್ದಂಗ. ಕೊಡ ತುಂಬೋ ತನಕ ಬಾವಿ ಕಟ್ಟಿ ಬಿಟ್ಟು ಏಳಾಂಗಿಲ್ಲ. ನಮ್ಮ ಹಾಡು ಮೊದಲು ಕೊಡದಾಗ ತುಂಬಬೇಕು, ಆಮ್ಯಾಲ ಒಳಗ ಒಯ್ದು ಸುರೀಬೇಕು. ಅಷ್ಟ್ರಾಗ ಕಿವ್ಯಾಗಿನ ಪೇಟಿ ಮುಂದ ಹೋಗಿರ್ತದ."

"ಹಂಗಾರ ಸಣ್ಣ ಕೊಡ ಕೊಡು ಆಕಿಗೆ."

"ಕೊಟ್ಟು ನೋಡೀನ್ರಿ. ಮುದುಕಿ ಯಂತ್ರ. ಸಣ್ಣ ಕೊಡ ಕೊಟ್ರ ಓಡ್ಯಾಡಿ ಓಡ್ಯಾಡಿ ದಣಿದು ನೀರು ಚೆಲ್ತಾಳ. ಹಾಡಿನ ನಡುವ ಚರಚರ ಅಂತದ. ಅದಕ್ಕ ದೊಡ್ಡ ಕೊಡಾನ ಇರ್ಲಿ ಅಂದೆ. ಎಷ್ಟು ತಡ ಮಾಡ್ತಾಳ ಅಂತ ಅಳೆದು, ಅಷ್ಟು ನಾನ ಮುಂದಕ್ಕ ಸರಿಸ್ತೀನಿ."

ಅಳೆದದ್ದನ್ನೂ ತೋರಿಸಿದ್ದ. ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನನ್ನು ಮೈಕಿನ ಬಾಯಿಗೆ ಒತ್ತಿ ಹಿಡಿದು, ಪೇಟಿಯ ಒಂದು ಸ್ವರ ಹಚ್ಚಿ, ಅದನ್ನೇ ತಿರುಗಿ ರೆಕಾರ್ಡ್ ಮಾಡಿಸಿದ್ದ. ಪರದೆಯ ಮೇಲೆ ಎರಡು ಗೆರೆಗಳು ಮೂಡಿದವು: ಯಂತ್ರ ಆಡಿದ್ದು ಒಂದು, ಯಂತ್ರ ಕೇಳಿಸಿಕೊಂಡದ್ದು ಇನ್ನೊಂದು. ಎರಡರ ನಡುವಿನ ಅಂತರ, ಒಂದು ಸೆಕೆಂಡನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ನೂರಾ ನಲವತ್ತು ಪಾಲು. ಪ್ರತಿ ಸಲವೂ ಅಷ್ಟೇ. ಹಾಡುವವರು ಯಾರಾದರೂ ಆಗಲಿ, ಈ ಕೋಣೆಯಲ್ಲಿ ಹಾಡಿದರೆ ಅಷ್ಟು ತಡ.

ಒಂದೇ ಮೈಕು, ಹಾಗಾಗಿ ಒಬ್ಬೊಬ್ಬರೇ ಬಂದು, ಕಿವಿಯಲ್ಲಿ ಪೇಟಿ ಕೇಳುತ್ತ, ತಮ್ಮ ಪಾಲಿನದನ್ನು ಹಾಡಿ ಹೋಗುತ್ತಿದ್ದರು. ಶಂಕರಲಿಂಗ ಯಾರದನ್ನೂ ಆಗಲೇ ತಿದ್ದುತ್ತಿರಲಿಲ್ಲ. ಸೋಮವಾರ ಲಿಂಗಪೂಜೆ ಮುಗಿಸಿ, ಮೇಳದವರನ್ನೆಲ್ಲ ಕೂರಿಸಿಕೊಂಡು, ಎಲ್ಲರದನ್ನೂ ಒಮ್ಮೆಲೇ ಸರಿಸುತ್ತಿದ್ದ.

"ಒಬ್ಬನದು ಮೊದಲ ತಿದ್ದಿದ್ರ ಉಳಿದವರು ತಪ್ಪು ಹಾಡಿದಂಗ ಕಾಣ್ತಾರ ಕಾಕಾ. ತಡ ಆದವರು ಎಲ್ಲಾರೂ ಅದೀವಿ. ಸರಿ ಆಗೋದಾದ್ರ ಎಲ್ಲಾರೂ ಕೂಡೇ ಆಗೋಣು."

ಅಷ್ಟು ಮೆತ್ತಗಿನ ಮನಸ್ಸಿನವನನ್ನು ದೇವರು ಎಂಥ ಬಾವಿಗೆ ಕಳಿಸಿದನಲ್ಲ ಎಂದುಕೊಂಡರು ಮಹಾರುದ್ರಪ್ಪ. ಆದರೆ ಮೂವತ್ತೊಂದು ವರ್ಷದ ಜಮಾದಾರ ಒಳಗೆ ಇನ್ನೂ ಎಚ್ಚರವಾಗಿದ್ದ.

ಈ ಕೋಣೆಯಲ್ಲಿ ಹಾಡಿದ್ದೆಲ್ಲ ತಡ. ಸತ್ತವನ ದನಿ ಮಾತ್ರ ತಡವಿಲ್ಲ. ಪೇಟಿಯ ಮೇಲೆ ಸರಿಯಾಗಿ ಕೂತಿದೆ, ಎಲೆಯ ಮೇಲೆ ಎಲೆ ಇಟ್ಟ ಹಾಗೆ.

"ಅನುರಾಧಾ, ಇದನ್ನ ಸರಿಸಿದವರು ಯಾರವ್ವಾ?"

"ಅಂದ್ರ?"

"ಐತವಾರ ಹಾಡ್ಯಾನ ಅಂತಾರ. ಸರಿಸೋದು ಸೋಮವಾರ. ಆ ಸೋಮವಾರ ನಾವು ಅವನನ್ನ ಮಣ್ಣಿಗೆ ಇಡಾಕತ್ತಿದ್ವಿ."

ಅವಳ ಕೈ ಮೇಜಿನ ಮೇಲೆ ಸುಮ್ಮನೆ ಬಿದ್ದುಕೊಂಡಿತು. "ನನಗ ಗೊತ್ತಿಲ್ರಿ ಕಾಕಾ. ಐತವಾರ ನಾ ಎಂಟರ ಬಸ್ಸಿಗೆ ಮಂಠಾಳಕ್ಕ ಅವ್ವನ ಕಡೆ ಹೋಗಿದ್ದೆ. ಇದನ್ನ ಹಚ್ಚೋದು, ಆರಿಸೋದು ಬಿಟ್ರ ನನಗೇನೂ ಬರಾಂಗಿಲ್ಲ."

"ಈ ದನಿ ಒಂದು ಸಿ.ಡಿ.ಗೆ ಹಾಕಿಕೊಡಾಕ?"

"ಅದೂ ಬರಾಂಗಿಲ್ಲ."

ದೇವರ ಮಾಡದಲ್ಲಿ ಒಂದು ಸಿ.ಡಿ. ಇತ್ತು. ಪ್ರತಿ ಶನಿವಾರ ಸಂಜೆ ಅದುವರೆಗೆ ಆದದ್ದನ್ನೆಲ್ಲ ತುಂಬಿಸಿ, ವಿಭೂತಿ ಹಚ್ಚಿ ಅಲ್ಲಿಡುವುದು ಶಂಕರಲಿಂಗನ ರೂಢಿ. ಅದರಲ್ಲಿ ಢೋಲಕ್ ಇತ್ತು, ತಾಳ ಇತ್ತು, ಹಿಮ್ಮೇಳ ಇತ್ತು. ಅವನ ದನಿ ಇರಲಿಲ್ಲ. ಮಹಾರುದ್ರಪ್ಪ ಅದನ್ನು ಕಣ್ಣಿಗೊತ್ತಿಕೊಂಡು ಕಿಸೆಗೆ ಹಾಕಿಕೊಂಡರು.

"ಹುಮನಾಬಾದಕ್ಕ ಹೋಗಿ ಬರ್ತೀನಿ."

"ಸತೀಶನ ಕಡೆ ಏನ್ರಿ?" ಅವಳು ತಟ್ಟನೆ ತಲೆ ಎತ್ತಿದಳು. "ಅವನ ಕಡೆ ಯಾಕ ಕಾಕಾ?"

"ಹಿಂಗ ಹಾಡು ತುಂಬೋ ಯಂತ್ರ ಈ ಸೀಮ್ಯಾಗ ಇನ್ನೊಂದು ಇರೋದು ಅವನ ಮನ್ಯಾಗ ಅಲ್ಲೇನವ್ವಾ?"

ಅವಳು ಸೆರಗು ಸರಿಪಡಿಸಿಕೊಂಡು ಯಂತ್ರ ಆರಿಸಿದಳು. ತಟ್ಟೆಯಲ್ಲಿಟ್ಟ ಚಹಾ ಕೆನೆಗಟ್ಟಿತ್ತು.

*

ತಮ್ಮೂರು ಕಲ್ಯಾಣದ ಬಸ್ ನಿಲ್ದಾಣದಲ್ಲಿ ಅಸ್ಗರಿ ಕಾದಿದ್ದಳು. ಅಜೀಮನ ತಾಯಿ. ಮಗನನ್ನು ಒಯ್ದ ದಿನದಿಂದ ಅವಳು ದಿನಾ ಹೀಗೆ, ಯಾವ ಬಸ್ಸಿಗೂ ಹತ್ತದೆ, ಜೈಲಿರುವ ಬೀದರಿನಿಂದ ಬರುವ ಬಸ್ಸುಗಳನ್ನೇ ನೋಡುತ್ತ ಕೂರುತ್ತಿದ್ದಳು.

"ಜಮಾದಾರ್ ಭಾಯ್, ನಾಳಿ ಕೋರ್ಟಿನ್ಯಾಗ ಜಾಮೀನಿನ ಮಾತು ಅದ ಅಂತ ವಕೀಲ್ ಸಾಬ್ ಹೇಳ್ಯಾರ. ಹೊಸಾದು ಏನಾರ ತಂದು ತೋರಿಸಿದ್ರ ಬಿಡ್ತಾರ, ಇಲ್ಲಾಂದ್ರ ಇಲ್ಲ ಅಂದ್ರು. ಏನಾರ ಸಿಕ್ತೇನ್ರಿ?"

"ಹುಡುಕಾಕತ್ತೇನಿ ಆಪಾ."

"ನಿಮ್ಮ ಮನೀ ಮಗಳ ಕುಂಕುಮ ಹೋಗ್ಯಾದ. ಆ ದುಃಖ ಬಿಟ್ಟು ನನ್ನ ಮಗನ ಸಲುವಾಗಿ ಓಡ್ಯಾಡ್ತೀರಿ. ಅಲ್ಲಾ ನೋಡಾಕತ್ತಾನ." ಅವಳು ಸೆರಗಿನೊಳಗಿಂದ ಒಂದು ಚರ್ಮದ ಪಟ್ಟಿ ತೆಗೆದಳು. ಢೋಲಕ್ ಬಿಗಿಯುವ ಪಟ್ಟಿ. "ಇದು ಹಿಡ್ಕೊಂಡು ಮಲಗ್ತೀನ್ರಿ. ಹುಚ್ಚಿ ಅಂತಾಳ ಸೊಸಿ. ಅನ್ಲಿ."

"ಆಪಾ, ಅವತ್ತು ಮೇಳದಾಗ ಅಜೀಮ್ ಶಂಕರನ ಕೂಡ ಯಾಕ ಜಗಳ ಆಡಿದ, ಹೇಳ್ಯಾನೇನು?"

"ಹೇಳ್ಯಾನ್ರಿ. 'ಶಂಕರಣ್ಣ ಹಾಡಾಕ ಕೂಡಾಂಗಿಲ್ಲ ಅಂತಾನ ಅಮ್ಮಾ, ದಿನಾ ನಾಳಿ ನಾಳಿ ಅಂತಾನ, ನಾ ಬೈದೆ' ಅಂದಿದ್ದ. ಅಷ್ಟರೀ. ಹಾಡು ಅಂತ ಬೈಯೋದು ಕೊಲ್ಲೋದು ಒಂದಾ ಏನ್ರಿ?"

ಮಹಾರುದ್ರಪ್ಪ ಆ ಪಟ್ಟಿಯನ್ನು ಅವಳ ಕೈಯೊಳಗೇ ಮಡಚಿಟ್ಟರು. "ಸಂಜಿಕ ಬಂದು ಒಂದು ಮಾತು ಹೇಳ್ತೀನಿ ಆಪಾ. ಹೌದೋ ಅಲ್ಲೋ, ಎರಡರಾಗ ಒಂದು. ಬಸವಣ್ಣನ ಆಣಿ."

ಬಸ್ಸು ಸಸ್ತಾಪುರ ಬಂಗ್ಲಾ ದಾಟಿ ಹೈವೇಗೆ ಹತ್ತಿತು. ಎರಡೂ ಬದಿಗೆ ತೊಗರಿ ಮೊಣಕಾಲೆತ್ತರ ನಿಂತಿತ್ತು. ಶ್ರಾವಣಕ್ಕೆ ಹಾಡುಗಳ ಸಿ.ಡಿ. ತರಬೇಕು, ಮೊದಲ ಪ್ರತಿ ಅನುಭವ ಮಂಟಪದಲ್ಲಿ ಇಟ್ಟು ಬರಬೇಕು ಎಂದಿದ್ದ ಶಂಕರಲಿಂಗ. ಶ್ರಾವಣ ಬಂದೇಬಿಟ್ಟಿತ್ತು. ದನಿಯಿದ್ದವನು ಹಾಡಲು ಯಾಕೆ ಒಲ್ಲೆನೆಂದ? ಒಲ್ಲೆನೆಂದವನು ಕೊನೆಗೆ ಎಲ್ಲಿ ಕೂತು ಹಾಡಿದ?

ಮಹಾರುದ್ರಪ್ಪ ಕೊರಳಿನ ಲಿಂಗವನ್ನು ಅಂಗಿಯ ಮೇಲಿಂದಲೇ ಮುಟ್ಟಿಕೊಂಡು ಕಣ್ಣು ಮುಚ್ಚಿದರು. ತಂದೆ, ನಿಜ ತೋರಿಸು ಎಂದು ಕೇಳಿಕೊಳ್ಳಲು ಹೊರಟವರು, ಯಾಕೋ ಆ ಮಾತು ಪೂರ್ತಿ ಮಾಡಲಿಲ್ಲ.

*

ಸತೀಶಕುಮಾರನ ಮನೆ ಹುಮನಾಬಾದಿನ ಹಳೆಯ ಊರಿನಲ್ಲಿ, ವೀರಭದ್ರೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ. ಕೆಳಗೆ ಕ್ಯಾಸೆಟ್ ಅಂಗಡಿ, ಮೇಲೆ ಒಂದು ಕೋಣೆ. ಪೇಟಿ ಕಲಿತದ್ದು ಶಂಕರಲಿಂಗನ ಕಾಲ ಬಳಿ. ಮೇಳದಲ್ಲಿ ಪೇಟಿ ಬಾರಿಸುವವನೂ ಅವನೇ. ವಯಸ್ಸು ಮೂವತ್ತು ದಾಟಿಲ್ಲ. ಕಿವಿ ಮಾತ್ರ ಬಲು ಚೂಪು. ಗುಡಿಯ ಗಂಟೆ ಹೊಡೆದರೆ ಅದು ಯಾವ ಸ್ವರವೆಂದು ಹೇಳುತ್ತಿದ್ದ. ಬೀದಿಯಲ್ಲಿ ಯಾರಾದರೂ ತಪ್ಪು ತಾಳಕ್ಕೆ ಚಪ್ಪಾಳೆ ತಟ್ಟಿದರೆ ಹಲ್ಲುನೋವು ಬಂದವನ ಹಾಗೆ ಮುಖ ಕಿವುಚುತ್ತಿದ್ದ.

"ಬರ್ರಿ ಜಮಾದಾರ್ರ, ಕೂಡ್ರಿ. ಚಹಾ ತರಸ್ತೀನಿ."

"ಚಹಾ ಬ್ಯಾಡ. ಇದು ಹಚ್ಚು. ಶಂಕರನ ಕಡೀ ಸಿ.ಡಿ. ಮೇಳದವರು ಕೇಳಾಕತ್ತಾರ, ಇದನ್ನ ಪೂರ್ತಿ ಮಾಡಾಕ ಆಗ್ತದೋ ಇಲ್ಲೋ ಅಂತ."

ಸತೀಶನ ಮುಖ ಸಡಿಲವಾಯಿತು. ಬಂದದ್ದು ಇಷ್ಟಕ್ಕೇ ಎಂದು ಉಸಿರು ಬಿಟ್ಟ ಹಾಗೆ. ಸಿ.ಡಿ. ಹಾಕಿದ. ಪೇಟಿ ಹೊರಟಿತು, ಅದರ ಹಿಂದೆ ಅಜೀಮನ ಢೋಲಕ್, ಎಡವುತ್ತ.

ನಾಲ್ಕೇ ನಾಲ್ಕು ಪೆಟ್ಟು. ಸತೀಶನ ಮುಖ ಕಿವುಚಿತು. ಐದನೆಯದಕ್ಕೆ ಕೈ ತಾನಾಗಿ ಮುಂದೆ ಹೋಯಿತು. ಹಾಡು ನಿಲ್ಲಿಸಿ, ಪರದೆಯ ಮೇಲೆ ಢೋಲಕ್‌ನ ಗೆರೆಯನ್ನು ಹಿಡಿದು, ಯಾವುದನ್ನೂ ಅಳೆಯದೆ ಟಪಟಪನೆ ಒಂದು ಅಂಕಿ ಒತ್ತಿದ. ಒಂದು, ನಾಲ್ಕು, ಸೊನ್ನೆ. ಮತ್ತೆ ಹಚ್ಚಿದ. ಈಗ ಢೋಲಕ್ ಮತ್ತು ಪೇಟಿ ಒಂದೇ ಉಸಿರಾಗಿ ನಡೆದವು.

"ಈಗ ನೋಡ್ರಿ," ಎಂದ, ನೋವು ಇಳಿದವನ ಹಾಗೆ.

"ಹೇಳದಿದ್ರೂ ಸರಿ ಮಾಡಿದಿ."

"ತಡ ಇತ್ತಲ್ರಿ. ನನಗ ಕೇಳಾಕ ಆಗಾಂಗಿಲ್ಲ. ಅಣ್ಣಾರು ಸೋಮವಾರ ತನಕ ಹ್ಯಾಂಗ ಬಿಡ್ತಿದ್ರೋ ದೇವರಿಗೇ ಗೊತ್ತು."

"ಹೌದು. ಅವ ಬಿಡ್ತಿದ್ದ." ಮಹಾರುದ್ರಪ್ಪ ಕಿಸೆಯಿಂದ ತಾಳಗಳನ್ನು ತೆಗೆದು ಚಾಪೆಯ ಮೇಲಿಟ್ಟರು. "ಈಗ ಅವನ ದನಿ ಹಚ್ಚು."

"ಅದು ಈ ಸಿ.ಡಿ.ಯಾಗ ಇಲ್ಲಲ್ರಿ."

"ಇದರಾಗ ಇಲ್ಲ. ನಿನ್ನ ಹತ್ರ ಇರೋದು ಹಚ್ಚು."

ಕೆಳಗೆ ಅಂಗಡಿಯಲ್ಲಿ ಯಾರೋ ಕ್ಯಾಸೆಟ್ ಕೇಳುತ್ತಿದ್ದರು. ಸತೀಶ ಅತ್ತ ಕಿವಿಗೊಟ್ಟವನ ಹಾಗೆ ನಟಿಸಿದ.

"ನನ್ನ ಹತ್ರ ಎಲ್ಲೀದ್ರಿ?"

"ಮುಂಜಾನಿ ಕಲ್ಯಾಣದಾಗ ಅವನ ದನಿ ಕೇಳಿ ಬಂದೀನಿ ಸತೀಶಾ. ಎಷ್ಟು ಹುಡುಕಿದ್ರೂ ಒಂದೂ ತಪ್ಪು ಇಲ್ಲ. ತಪ್ಪು ಇಲ್ಲದ್ದೇ ತಪ್ಪು. ಆ ಖೋಲ್ಯಾಗ ಬಸವಣ್ಣನೇ ಬಂದು ಹಾಡಿದ್ರೂ ನೂರಾ ನಲವತ್ತು ಪಾಲು ತಡ ಆಗಬೇಕು. ಶಂಕರ ಸೋಮವಾರಕ್ಕಿಂತ ಮೊದಲ ಮುಟ್ಟವ ಅಲ್ಲ. ಸೋಮವಾರ ಅವ ಇರಲಿಲ್ಲ. ಆ ದನಿ ಬ್ಯಾರೆ ಕಡೆ ಹಾಡಿದ್ದು. ಹಾಡಿಸಿಕೊಂಡವ ಅದನ್ನ ತಡ ಇದ್ದಂಗ ಬಿಡಲಾರದೆ ಸರಿ ಮಾಡಿ ಕಳಿಸ್ಯಾನ. ಹಂಗ ಬಿಡಲಾರದವರು ಈ ಎರಡೂರಾಗ ಎಷ್ಟು ಮಂದಿ ಅದಾರ, ನೀನ ಹೇಳು."

"ಜಮಾದಾರ್ರ..."

"ಢೋಲಕ್ ಒಂದು ಕೂದಲೆಳಿ ತಡ ಆದ್ರ ನಿನ್ನ ಕಿವಿ ಸುಡ್ತದ. ಅದನ್ನ ಬಾರಿಸಿದವ ಜೇಲಿನ್ಯಾಗ ಕೂತು ಹತ್ತು ದಿನ ಆತು. ಅದು ಏನೂ ಸುಡಲಿಲ್ಲೇನು?"

ಸತೀಶನ ಕಣ್ಣಲ್ಲಿ ನೀರು ತುಂಬಿತು. ಅದನ್ನು ಒರೆಸಿಕೊಳ್ಳದೆಯೇ ಅವನು ಪರದೆಯ ಕಡೆ ತಿರುಗಿ, ಯಾವುದೋ ಮೂಲೆಯಲ್ಲಿ ಅಡಗಿಸಿಟ್ಟಿದ್ದನ್ನು ತೆರೆದ.

"ಶುಕ್ರವಾರ ಅಣ್ಣಾರು ಬಂದಿದ್ರು," ಎಂದ. "ರೇಡಿಯೋ ಸಾಮಾನು ತರ್ತೀನಿ ಅಂತ ಮನ್ಯಾಗ ಹೇಳಿ ಬಂದಿದ್ರು. ಸೋಲಾಪುರದ ಡಾಕ್ಟರು ಗಂಟಲಾಗ ಗಡ್ಡಿ ಅದ, ಕೊಯ್ದು ತೆಗೀಬೇಕು ಅಂದಾರ, ತೆಗೆದ ಮ್ಯಾಲ ದನಿ ಇರಾಂಗಿಲ್ಲ ಅಂದ್ರು. ಮನ್ಯಾಗ ಹಾಡಿದ್ರ ಕೆಮ್ಮು ಬರ್ತದ, ಅನುರಾಧಾ ವೈನಿಗೆ ಗೊತ್ತಾಗ್ತದ. ಅದಕ್ಕ ಇಲ್ಲಿ ಹಾಡ್ತೀನಿ, ಕಲ್ಯಾಣದಾಗ ಹಾಡಿದಂಗ ಸೇರಿಸಿಬಿಡು ಅಂದ್ರು. ಪೇಟಿ ಮ್ಯಾಲ ಕೈ ಇಡಿಸಿ ಆಣಿ ತಗೊಂಡ್ರು, ಯಾರಿಗೂ ಹೇಳಬಾರದಂತ."

ಮಹಾರುದ್ರಪ್ಪ ಗೋಡೆಗೆ ಒರಗಿದರು. ಅಜೀಮ್ ಬೈದದ್ದು ನೆನಪಾಯಿತು. ದಿನಾ ನಾಳಿ ನಾಳಿ ಅಂತಾನ. ಪಾಪ, ಇಬ್ಬರಿಗೂ ಒಂದೇ ಹಾಡಿನ ಆಸೆ.

"ಹಚ್ಚು," ಎಂದರು.

ಅದೇ ಪೇಟಿ. ಅದೇ ದನಿ. "ನಡೆದು ದಣಿದೆನು ತಂದೆ..." ಬೆಳಿಗ್ಗೆ ಭಕ್ತಿಯಾಗಿ ಕೇಳಿದ್ದು ಈಗ ಬೇರೆಯಾಗಿ ಕೇಳಿತು. ಹಾಡುವವನಿಗೆ ತನ್ನ ದನಿಯ ಕೊನೆ ಗೊತ್ತಿತ್ತು. ಗೊತ್ತಿದ್ದೂ ಎಲ್ಲಿಯೂ ನಡುಗದೆ, ಒಂದೊಂದೇ ಅಕ್ಷರವನ್ನು ದೇವರ ಮುಂದೆ ಹೂವಿಟ್ಟ ಹಾಗೆ ಇಡುತ್ತ ಹೋಗಿದ್ದ. ಮಹಾರುದ್ರಪ್ಪನವರ ಕೆನ್ನೆ ಒದ್ದೆಯಾಯಿತು. ಅಜೀಮ್ ಬದುಕಿದ ಎಂಬ ಸಮಾಧಾನವೂ ಆ ಒದ್ದೆಯಲ್ಲಿ ಇತ್ತು. ಹಾಡಿದ್ದು ಶುಕ್ರವಾರ, ಹುಮನಾಬಾದಿನಲ್ಲಿ. ಐತವಾರ ಅಜೀಮ್ ಹೋದಾಗ ಕಲ್ಯಾಣದ ಖೋಲಿ ಖಾಲಿಯೇ ಇತ್ತು. ಅಜೀಮ್ ಹೇಳಿದ್ದು ನಿಜ.

"ನೆರಳ ತೋರು" ಎಂಬ ಕೊನೆಯ ಎಳೆ ಸಣ್ಣಗಾಗುತ್ತ ಹೋಗಿ ಆರಿತು.

ಆರಿದ ಮರುಕ್ಷಣ ಕೆಮ್ಮು.

ಒಂದಲ್ಲ. ಉಕ್ಕಿ ಉಕ್ಕಿ ಬರುವ, ಒಳಗಿನದೆಲ್ಲ ಕಿತ್ತು ತರುವಂಥ ಕೆಮ್ಮು. ನಡುವೆ ನೀರು ಕೇಳುವ ಬಿಕ್ಕಿದ ಮಾತು. ಮತ್ತೆ ಕೆಮ್ಮು. ಮಹಾರುದ್ರಪ್ಪ ಬೆಚ್ಚಿ ನೆಟ್ಟಗೆ ಕೂತರು.

"ಇದು ಏನು?"

"ಹಾಡಿನ ಕಡೀಗೆ ಬಂದಿದ್ರಿ. ನಾ ಕತ್ತರಿಸಾಕ ಹೋದೆ. ಬ್ಯಾಡ, ಇರ್ಲಿ, ನಾ ಇಲ್ಲದಾಗ ಆಕಿ ಒಂದಿನ ಕೇಳ್ಲಿ, ಆಗ ತಿಳೀತದ ಅಂದ್ರು. ಹಂಗ ಬಿಟ್ಟೀನಿ."

"ಕಲ್ಯಾಣಕ್ಕ ಕೊಟ್ಟ ಸಿ.ಡಿ.ಯಾಗ?"

"ಅದರಾಗೂ ಅದ. ಇದೇ ಅದ್ರಿ. ನಾ ತಡ ಒಂದು ಸರಿ ಮಾಡೀನಿ, ಬ್ಯಾರೆ ಏನೂ ಮುಟ್ಟಿಲ್ಲ."

ಬೆಳಿಗ್ಗೆ ಎರಡು ಸಲ ಕೇಳಿದ್ದರು. ಎರಡು ಸಲವೂ ಕೆಮ್ಮು ಇರಲಿಲ್ಲ.

ಮಹಾರುದ್ರಪ್ಪ ಚಾಪೆಯ ಮೇಲಿನ ತಾಳಗಳನ್ನು ನೋಡುತ್ತ ಕೂತರು. ಹೊಸ ಹಾಡಿಗೆ ಮೊದಲ ಸಲ ತಾಳ ಹಾಕುವವನು ಎಷ್ಟೇ ಜಾಣನಾದರೂ ಕೊನೆಯಲ್ಲಿ ತಡವಾಗುತ್ತಾನೆ. ಹಾಡು ಎಲ್ಲಿ ಮುಗಿಯುತ್ತದೆಂದು ಅವನಿಗೆ ಗೊತ್ತಿರುವುದಿಲ್ಲ; ದನಿ ನಿಂತ ಮೇಲೆಯೇ ಕೈ ನಿಲ್ಲುತ್ತದೆ. ನಲವತ್ತು ವರ್ಷದಲ್ಲಿ ಅವರು ಕಂಡ ಸತ್ಯ ಅದು.

ಅನುರಾಧಾಳ ಕೈ ತಡವಾಗಿರಲಿಲ್ಲ. ಎಳೆ ಆರುವುದಕ್ಕೂ ಕೆಮ್ಮು ಬರುವುದಕ್ಕೂ ನಡುವಿನ ಆ ಕೂದಲೆಳೆಯಷ್ಟು ಜಾಗದಲ್ಲಿ, ಒಮ್ಮೆಯಲ್ಲ, ಎರಡು ಸಲ, ಆ ಕೈ ಗುಂಡಿ ಒತ್ತಿತ್ತು.

ಈ ಹಾಡು ನಾ ಇವತ್ತ ಮೊದಲನೇ ಸಲ ಕೇಳಾಕತ್ತೇನಿ.

"ಸತೀಶಾ," ಎಂದರು. ತಮ್ಮ ದನಿ ತಮಗೇ ದೂರದಿಂದ ಕೇಳಿತು. "ಆ ಸಿ.ಡಿ. ಕಂಪ್ಯೂಟರಿಗೆ ಹಾಕಿದವ ನೀನೇನು?"

"ಅಲ್ರಿ. ನಾ ಬಾಗಿಲಾಗ ಕೊಟ್ಟು ಬಂದೆ. ಐತವಾರ ಮುಂಜಾನಿ ಒಂಬತ್ತಕ್ಕ."

"ಯಾರ ಕೈಯಾಗ?"

ಸತೀಶ ಪೇಟಿಯ ಮೇಲೆ ಕೈ ಇಟ್ಟ. ಆಣೆ ಮುರಿಯುವ ಮುಂಚೆ ಕ್ಷಮೆ ಕೇಳುವವನಂತೆ. "ವೈನಿಯವರ ಕೈಯಾಗ."

"ಎಂಟರ ಬಸ್ಸಿಗೆ ಆಕಿ ಮಂಠಾಳಕ್ಕ..."

ಮಾತು ಅಲ್ಲಿಗೇ ನಿಂತಿತು. ಹತ್ತು ದಿನದಲ್ಲಿ ಅವರು ಅಜೀಮನನ್ನು ಕೇಳಿದ್ದರು, ಓಣಿಯವರನ್ನು ಕೇಳಿದ್ದರು, ಬಾವಿಯ ಹತ್ತಿರ ದನ ಕಾಯುವವರನ್ನು ಕೇಳಿದ್ದರು. ಮಂಠಾಳದಲ್ಲಿ ಸ್ವಂತ ಅತ್ತಿಗೆಯನ್ನು ಕೇಳಿರಲಿಲ್ಲ. ಗಂಡನನ್ನು ಕಳೆದುಕೊಂಡವಳನ್ನು, ಎಷ್ಟು ಗಂಟೆಯ ಬಸ್ಸಿಗೆ ಹೋಗಿದ್ದೆ ಎಂದು ಯಾರು ಕೇಳುತ್ತಾರೆ?

"ಅಣ್ಣಾರು ಎಲ್ಲಿ ಅಂತ ಕೇಳಿದೆ," ಸತೀಶ ತಲೆ ತಗ್ಗಿಸಿಯೇ ಹೇಳಿದ. "ಮಲಗ್ಯಾರ, ಎಬ್ಬಿಸಬ್ಯಾಡ ಅಂದ್ರು ವೈನಿ. ಸೀರಿ ಮೊಣಕಾಲ ತನಕ ತೊಯ್ದಿತ್ತು. ಅಂಗಳ ಸಾರಿಸ್ಯಾರ ಅಂದ್ಕೊಂಡೆ. ಮಣ್ಣು ಕೊಟ್ಟ ದಿನ ಬದಿಗೆ ಕರದು, ನೀ ಬಂದಿದ್ದು ಯಾರಿಗೂ ಹೇಳಬ್ಯಾಡ ಸತೀಶಾ ಅಂದ್ರು. ಆಮ್ಯಾಲ ಅಜೀಮಣ್ಣನ್ನ ಹಿಡಿದ್ರು. ಇವತ್ತ ಬಿಡ್ತಾರ, ನಾಳಿ ಬಿಡ್ತಾರ ಅಂತ..."

ಮಹಾರುದ್ರಪ್ಪನವರಿಗೆ ಮುಂದಿನದು ಕೇಳಿಸಲಿಲ್ಲ. ಒಂಬತ್ತಕ್ಕೆ ಬಂದ ಸಿ.ಡಿ.ಯನ್ನು ಹನ್ನೊಂದೂ ಹತ್ತಕ್ಕೆ ಯಂತ್ರದೊಳಗೆ ಇಟ್ಟವಳು ಅಜೀಮನನ್ನು ಸಿಕ್ಕಿಸಲು ಇಟ್ಟದ್ದಲ್ಲ. ಅವನು ಬರುತ್ತಾನೆಂದು ಅವಳಿಗೆ ಗೊತ್ತೇ ಇರಲಿಲ್ಲ. ತಾನು ಎಂಟರ ಬಸ್ಸಿಗೆ ಊರು ಬಿಟ್ಟ ಮೇಲೂ ತನ್ನ ಗಂಡ ಬದುಕಿದ್ದ, ಹಾಡುತ್ತಿದ್ದ ಎಂದು ಲೋಕ ನಂಬಲಿ ಎಂದಷ್ಟೇ ಇಟ್ಟಿದ್ದಳು. ಹಾಗಾದರೆ ಅವನು ಆಗಲೇ ಸತ್ತಿದ್ದನೆಂಬುದು ಅವಳಿಗೆ ಗೊತ್ತಿತ್ತು.

ಅವರ ಕೈ ತಾನಾಗಿ ಕೊರಳಿನ ಲಿಂಗದ ಕಡೆ ಹೋಯಿತು. ಒಂದು ಕಡೆ ಬಸ್ ನಿಲ್ದಾಣದಲ್ಲಿ ಢೋಲಕಿನ ಪಟ್ಟಿ ಹಿಡಿದು ಕೂತ ಮುದುಕಿ. ಇನ್ನೊಂದು ಕಡೆ, ನಾಲ್ಕು ವರ್ಷದವಳಿದ್ದಾಗ ತಮ್ಮ ಹೆಗಲ ಮೇಲೆ ಕೂತು ಜಾತ್ರೆ ನೋಡಿದ ಮಗಳು. ಸಂಜೆಗೆ ಒಂದು ಮಾತು ಹೇಳುತ್ತೇನೆಂದು ಆಣೆ ಇಟ್ಟು ಬಂದಿದ್ದರು. ಆ ಒಂದು ಮಾತಿನಲ್ಲಿ ಒಬ್ಬಳ ಮಗ ಹೊರಗೆ ಬರುತ್ತಾನೆ, ಇನ್ನೊಬ್ಬರ ಮಗಳು ಒಳಗೆ ಹೋಗುತ್ತಾಳೆ.

ಮೂಲೆಯಲ್ಲಿದ್ದ ಫೋನು ರಿಂಗಣಿಸಿತು.

ಸತೀಶ ಎತ್ತಿದ. ಕೇಳಿದ. ಮುಖ ಬಿಳಿಚಿಕೊಂಡಿತು. ಮಾತಾಡದೆ ರಿಸೀವರನ್ನು ಮುಂದೆ ಚಾಚಿದ.

"ಕಾಕಾ," ಎಂದಿತು ಆ ಕಡೆಯ ದನಿ. ಅತ್ತ ದನಿಯಲ್ಲ. ಮಳೆ ನಿಂತ ಮೇಲಿನ ಅಂಗಳದ ಹಾಗೆ ಶಾಂತವಾಗಿತ್ತು. "ಹಾಡು ಪೂರ್ತಿ ಕೇಳಿದ್ರೇನು?"

ಮಹಾರುದ್ರಪ್ಪ ಇಲ್ಲವ್ವಾ ಎನ್ನಬೇಕೆಂದುಕೊಂಡರು. ನಾಲಿಗೆ ಏಳಲಿಲ್ಲ. ಒಂದು ಉಸಿರು, ಎರಡು ಉಸಿರು.

ಅಷ್ಟು ತಡ ಸಾಕಾಯಿತು ಅವಳಿಗೆ.

"ಕೇಳೀರಿ," ಎಂದಳು ಅನುರಾಧಾ. "ಹಂಗಾರ ನೀವು ಆಕಿಗೆ ಆಣಿ ಇಟ್ಟಂಗ ಸಂಜೀ ತನಕ ಯಾಕ ಕಾಯಬೇಕು. ಬಸ್ ಸ್ಟ್ಯಾಂಡಿನ್ಯಾಗ ಅಸ್ಗರಿ ಅಮ್ಮನ ಬಾಜೂಕ ಕುಂತೀನಿ ಕಾಕಾ. ಆಕಿಗೆ ನಾನ ಹೇಳಾಕತ್ತೇನಿ. ಆದ್ರ ಬಾವಿಗೆ ಅವರನ್ನ ಹೊತ್ತುಕೊಂಡು ಹೋಗಾಕ ನನ್ನ ಒಬ್ಬಾಕಿ ಕೈಲಿ ಆಗ್ತಿತ್ತೇನು? ಅದೊಂದು ಸತೀಶನ್ನ ಕೇಳಿ ಬರ್ರಿ."

ಫೋನು ಕಡಿದುಹೋಯಿತು.

ಮಹಾರುದ್ರಪ್ಪ ತಿರುಗಿ ನೋಡಿದರು. ಪೇಟಿಯ ಮೇಲಿದ್ದ ಸತೀಶಕುಮಾರನ ಕೈ ಅಲ್ಲಿರಲಿಲ್ಲ. ಮೆಟ್ಟಿಲ ಬಾಗಿಲು ತೆರೆದಿತ್ತು, ಕೆಳಗೆ ಓಣಿಯಲ್ಲಿ ಓಡುವ ಹೆಜ್ಜೆಗಳ ಸದ್ದು ಕೇಳುತ್ತಿತ್ತು, ತಾಳ ತಪ್ಪಿ.